ಬೀರವ್ವನ ಗಂಡನ ಹೆಬ್ಬಟ್ಟು

ಶನಿವಾರ ಮಧ್ಯಾಹ್ನ ರಾಯವ್ವ ನಾಯಕಿಯಾದಳು. ಆಗ ಆಕೆ ಮೊಣಕಾಲೂರಿ ಪ್ರಾರ್ಥನಾ ಮಂದಿರದ ನೆಲ ತಿಕ್ಕುತ್ತಿದ್ದಳು.

ಸಭಾ ಹಿರಿಯ ಯೇಸಪ್ಪ ಚಪ್ಪಲಿ ಬಿಡದೆ, ತೊಳೆದ ನೆಲದ ಮೇಲೆ ನಾಲ್ಕು ಹೆಜ್ಜೆ ಒಳಗೆ ಬಂದು ಸುದ್ದಿ ಹೇಳಿದ.

“ರಾಯವ್ವಾ, ನಾಳಿಂದ ನೀ ನಮ್ಮ ಸಭಾದ ಹೆಣ್ಮಕ್ಕಳ ನಾಯಕಿ. ಕಮಿಟಿಯೊಳಗ ಪಾಸ್ ಆಗೈತಿ.”

“ಪಾಸ್ ಮಾಡಿದಾವ್ರು ಯಾರ್ರಿ ಯಣ್ಣಾ?”

“ಮತ್ಯಾರು? ನಾವ, ಗಂಡಸ್ರು.”

“ನಾಯಕಿ ಅಂದ್ರ ಏನ್ ಮಾಡಬೇಕ್ರಿ?”

ಯೇಸಪ್ಪ ಗದ್ದ ತುರಿಸಿಕೊಂಡ. ಆ ಪ್ರಶ್ನೆ ಕಮಿಟಿಯಲ್ಲಿ ಎದ್ದಿರಲಿಲ್ಲ. “ಏನೂ ಮಾಡೂದು ಬ್ಯಾಡ. ಕುರ್ಚಿ ಮ್ಯಾಲೆ ಸುಮ್ಮ ಕುಂದ್ರು. ಅಯ್ಯನವರು ಕಲಿಸಿದ್ದಷ್ಟ ಹೇಳು. ಹಾಂ, ಆ ಮೂಲ್ಯಾಗ ಇನ್ನೊಂದೀಟ ತಿಕ್ಕು, ಹಕ್ಕಿ ಹೊಲಸು ಮಾಡ್ಯಾವ.”

ನಾಯಕಿ ಮೂಲೆಗೆ ಹೋಗಿ ತಿಕ್ಕಿದಳು.

ಮಡ್ಡಿಕೊಪ್ಪಕ್ಕೆ ಹೀಗೆ ಏಕಾಏಕಿ ನಾಯಕಿ ಬೇಕಾಗಲು ಕಾರಣವಿತ್ತು. ಬೆಂಗಳೂರಿನ ಒಂದು ದೈವಶಾಸ್ತ್ರದ ಕಾಲೇಜಿನಿಂದ ಮೀನಾ ಎಂಬ ಹೆಣ್ಣುಮಗಳು ಸಂಶೋಧನೆಗೆ ಬರುವವಳಿದ್ದಳು. ವಿಷಯ, ಸಂಪ್ರದಾಯಸ್ಥ ಸಭೆಗಳಲ್ಲಿ ಸ್ತ್ರೀಯರ ಕರ್ತೃತ್ವ ಮತ್ತು ನಾಯಕತ್ವ. ಬೈಲಹೊಂಗಲ, ಕಿತ್ತೂರು ಮುಗಿಸಿದ್ದಳು. ಅಲ್ಲಿ ಎಲ್ಲ ಸಭೆಯವರೂ ತಂತಮ್ಮ ಪಾದ್ರಿ ಅಯ್ಯನವರ ಹೆಂಡಂದಿರಿಗೆ ರೇಷ್ಮೆ ಸೀರೆ ಉಡಿಸಿ ತಂದು ಕೂಡಿಸಿದ್ದರು. ಆಕೆಗೆ ಸಾಕಾಗಿತ್ತು. ಇನ್ನು ಮುಂದೆ ಅಯ್ಯನವರ ಮನೆಯವರನ್ನು ಬಿಟ್ಟು ಬೇರೆ ಯಾರಾದರೂ ನಾಯಕಿಯನ್ನು ತೋರಿಸಿ ಎಂದಿದ್ದಳು. ಸಭೆಯ ಮೇಲಿನ ಆಫೀಸಿನವರು ಮಡ್ಡಿಕೊಪ್ಪಕ್ಕೆ ಫೋನು ಮಾಡಿ, ಒಬ್ಬಳನ್ನು ತಯಾರು ಮಾಡಿಡಿ ಎಂದರು.

ಕಮಿಟಿ ಕೂತು ಹುಡುಕಿತು. ಒಬ್ಬಳು ಬಾಯಿ ಬಡಕಿ. ಒಬ್ಬಳ ಗಂಡ ಕುರ್ಚಿಯ ಮೇಲೆ ಕೂಡಲು ಬಿಡುವುದಿಲ್ಲ. ಇನ್ನೊಬ್ಬಳು ಕೂತರೆ ನಗುತ್ತಾಳೆ. ರಾಯವ್ವ ಗಂಡ ಸತ್ತವಳು, ಯಾರನ್ನೂ ಕೇಳಬೇಕಾಗಿಲ್ಲ. ಮೇಲಾಗಿ ಮಾತು ಕಡಿಮೆ. ಸೂರ್ಯ ಹುಟ್ಟುವ ಮೊದಲೇ ಹತ್ತಿ ಬಿಡಿಸಲು ಹೋಗಿ, ಬೆರಳ ಸಂದಿಯಲ್ಲಿ ರಕ್ತ ಹೆಪ್ಪುಗಟ್ಟಿಸಿಕೊಂಡು ಬಂದು, ಮಂದಿರದ ಕಸ ಹೊಡೆದು, ಆಮೇಲೆ ಒಲೆ ಹಚ್ಚುವವಳಿಗೆ ಮಾತಾಡಲು ಎಲ್ಲಿಯ ತ್ರಾಣ? ಕಮಿಟಿಯವರು ಅದನ್ನು ವಿನಯ ಎಂದು ತಿಳಿದರು.

ಆದರೆ ಒಂದು ಕಾಲದಲ್ಲಿ ಇದೇ ರಾಯವ್ವನ ಬಾಯಿಂದಲೇ ಈ ಸಭೆ ಹುಟ್ಟಿದ್ದು. ಯರಗಟ್ಟಿಯಿಂದ ಸವದತ್ತಿಗೆ ಹೋಗುವ ದಾರಿಯಿಂದ ಒಳಗೆ, ಕಾಲುವೆಯ ಕೆಳಗೆ ಮಡ್ಡಿಕೊಪ್ಪ. ಊರಿನ ಕೆಳಗೆ ಮಾದರ ಓಣಿ. ಓಣಿಯ ಬೇವಿನಮರದ ಕೆಳಗೆ ಸಂಜೆ ಹೆಂಗಸರು ಸೇರುತ್ತಿದ್ದರು. ಸಾಕ್ಷರತೆಯವರು ಬಂದಾಗ ಅಕ್ಷರ ಹಿಡಿದವಳು ರಾಯವ್ವ ಒಬ್ಬಳೇ. ಬೆರಳಿಟ್ಟು ಕೂಡಿಸಿ ಕೂಡಿಸಿ ಬೈಬಲ್ ಓದುತ್ತಿದ್ದಳು. ತಾನೇ ಪ್ರಾರ್ಥನೆ ಮಾಡುತ್ತಿದ್ದಳು. ಬಾಣಂತಿಯ ಮನೆಗೆ, ಜ್ವರದವರ ಮನೆಗೆ, ಸತ್ತವರ ಮನೆಗೆ ಕರೆಯದಿದ್ದರೂ ಹೋಗುತ್ತಿದ್ದಳು. ಆಗ ಗಂಡಸರು ಮರದ ಕಡೆ ಹಾಯುತ್ತಿರಲಿಲ್ಲ. ಕಲ್ಲು ಹೊತ್ತು ಹೆಂಗಸರು ಗೋಡೆ ಎಬ್ಬಿಸಿದ ಮೇಲೆ, ಮೇಲೆ ತಗಡು ಬಿದ್ದ ಮೇಲೆ, ಒಳಗೆ ನೆರಳಾದ ಮೇಲೆ ಬಂದು ಕಮಿಟಿಯಾದರು.

ಅವರ ಬೆನ್ನಿಗೆ ಕರುಣಾಕರ ಅಯ್ಯನವರು ಬಂದರು. ಅವರ ಮನೆತನ ಮುತ್ತಜ್ಜನ ಕಾಲಕ್ಕೇ ಕ್ರೈಸ್ತರಾದದ್ದು. ಮನೆಯವರೆಲ್ಲರಿಗೂ ದೀಕ್ಷಾಸ್ನಾನ ಆಗಿತ್ತು, ಅವರ ಜಾತಿಗೆ ಮಾತ್ರ ಇನ್ನೂ ಆಗಿರಲಿಲ್ಲ. ಓಣಿಗೆ ಬರುವಾಗ ಕುಡಿಯುವ ನೀರನ್ನು ಬಾಟಲಿಯಲ್ಲಿ ತಾವೇ ತರುತ್ತಿದ್ದರು. ವೈದ್ಯರು ಹೇಳಿದ್ದಾರೆ ಎನ್ನುತ್ತಿದ್ದರು. ಬಂದ ಮೊದಲ ತಿಂಗಳೇ ನಿಯಮ ತಂದರು. ಸಭೆಯಲ್ಲಿ ಹೆಂಗಸರು ಬಾಯಿ ತೆಗೆಯುವಂತಿಲ್ಲ, ಹಾಡಿಗೆ ಮಾತ್ರ ರಿಯಾಯಿತಿ. ಭಾನುವಾರ ಮುಂದಿನ ಕಟ್ಟೆ ಹತ್ತುವಂತಿಲ್ಲ, ಶನಿವಾರ ಸಾರಿಸಲು ಹತ್ತಬಹುದು. ಮಣ್ಣು ಕೊಡುವಾಗ ಸ್ಮಶಾನಕ್ಕೆ ಬರುವಂತಿಲ್ಲ. ಕೊನೆಯದು, ಯಾವ ಹೆಂಗಸಿಗೂ ಗಂಡನ, ಅಪ್ಪನ, ಮಗನ ಅಥವಾ ಮೈದುನನ ಒಪ್ಪಿಗೆಯಿಲ್ಲದೆ ದೀಕ್ಷಾಸ್ನಾನವಿಲ್ಲ. ಗಂಡಸು ಬಂದು ಹೆಬ್ಬಟ್ಟು ಒತ್ತಬೇಕು.

ರಾಯವ್ವನ ಪಾಲಿಗೆ ಒತ್ತಿದವನು ಆಕೆಯ ಮೈದುನ. ಬೆಳಗ್ಗೆಯೇ ಏರಿಸಿ ಬಂದಿದ್ದ. ಹೆಬ್ಬೆರಳು ಎಲ್ಲಿದೆ ಎಂದು ಅವನಿಗೇ ತಿಳಿಯದೆ ಯೇಸಪ್ಪ ಹುಡುಕಿ ಹಿಡಿದು ಒತ್ತಿಸಿದ. ಒಪ್ಪಿಗೆ ಊರ್ಜಿತವಾಯಿತು.

ತೊಡಕಾದದ್ದು ಬೀರವ್ವನದು.

ಬೀರವ್ವನನ್ನು ಇನ್ನೂ ಮೈನೆರೆಯುವ ಮೊದಲೇ ಮನೆಯವರು ಗುಡ್ಡಕ್ಕೆ ಒಯ್ದು ಎಲ್ಲಮ್ಮನಿಗೆ ಮುತ್ತು ಕಟ್ಟಿಸಿ ಬಿಟ್ಟಿದ್ದರು. ದೇವಿಗೆ ಬಿಟ್ಟವಳನ್ನು ಊರ ದೊಡ್ಡವರು ಸರದಿಯಂತೆ ಬಳಸಿದರು. ವಯಸ್ಸಾದ ಮೇಲೆ ತಲೆಯಲ್ಲಿ ಜಡೆ ಕಟ್ಟಿತು, ದೇವಿಯ ಬುಟ್ಟಿ ಪಡಲಿಗೆ ಹೊತ್ತು ಮನೆ ಮನೆಗೆ ಜೋಗ ಬೇಡಿದಳು. ಕೆಮ್ಮಿನ ಬೇನೆ ಹತ್ತಿ ಬಿದ್ದಾಗ ಊರವರು ಯಾರೂ ತಿರುಗಿ ನೋಡಲಿಲ್ಲ. ರಾಯವ್ವ ಗಂಜಿ ಕುಡಿಸಿದಳು. ಅಂದಿನಿಂದ ಬೀರವ್ವ ಬೇವಿನಮರ ಬಿಡಲಿಲ್ಲ.

ನನಗೂ ದೀಕ್ಷಾಸ್ನಾನ ಕೊಡಿರಿ ಎಂದಳು. ಮೊದಲು ಜಡೆ ತೆಗೆ ಎಂದರು ಅಯ್ಯನವರು. ಜಡೆ ತೆಗೆದರೆ ಜೋಗ ಹೋಯಿತು, ಹೊಟ್ಟೆಯ ದಾರಿ ಹೋಯಿತು. ಆದರೂ ರಾಯವ್ವನ ಮುಂದೆ ಕೂತು ಕುಡಗೋಲಿನಿಂದ ಕೊಯ್ಯಿಸಿಕೊಂಡಳು. ಕತ್ತು ಹಗುರಾಗಿ ಎರಡು ದಿನ ತಲೆ ಅತ್ತಿತ್ತ ವಾಲುತ್ತಿತ್ತು. ಎಲ್ಲಮ್ಮನ ಮಂದಿ ಬಂದು, ಇನ್ನು ನೀ ಸತ್ತರೆ ನಿನ್ನ ಮಣ್ಣಿಗೂ ನಾವಿಲ್ಲ ಎಂದು ಉಗುಳಿ ಹೋದರು. ಬೀರವ್ವ ಬೋಳು ತಲೆ ಸವರಿಕೊಳ್ಳುತ್ತ ಅಯ್ಯನವರ ಮುಂದೆ ನಿಂತಳು. ಈಗ ಗಂಡನ ಒಪ್ಪಿಗೆ ತಾ ಎಂದರು.

“ನನ್ನ ಕಟ್ಟಿದ್ದು ಎಲ್ಲವ್ವಗರಿ. ಆಕಿ ಗುಡ್ಡದ ಮ್ಯಾಲೆ ಅದಾಳ. ನೀವ ಹೋಗಿ ಹೆಬ್ಬಟ್ಟು ಒತ್ತಿಸ್ಕೊಂಡು ಬರ್ರಿ, ನಾ ಬ್ಯಾಡ ಅನ್ನೂದಿಲ್ಲ.”

ಹೆಂಗಸರೆಲ್ಲ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ಅಯ್ಯನವರು ನಗಲಿಲ್ಲ. ವಿಚಾರ ಮಾಡೋಣ ಎಂದರು. ಅವರ ವಿಚಾರ ವರ್ಷಗಟ್ಟಲೆ ನಡೆಯಿತು. ಅಷ್ಟರಲ್ಲಿ ಬೀರವ್ವನ ಮೈಯಲ್ಲಿ ಎಲುಬು ಬಿಟ್ಟು ಏನೂ ಉಳಿಯಲಿಲ್ಲ.

ದೀಕ್ಷಾಸ್ನಾನವಾಗದವರಿಗೆ ಸಭೆಯ ಸ್ಮಶಾನದಲ್ಲಿ ಜಾಗವಿಲ್ಲ. ಹಳ್ಳದ ದಂಡೆಯ ಆ ತುಂಡು ನೆಲದ ಜಾಲಿ ಕಡಿದವರು ಇದೇ ಹೆಂಗಸರು. ಬೀರವ್ವನ ಅಂಗೈಯಲ್ಲಿ ಆಗ ಮುರಿದ ಮುಳ್ಳು ಇನ್ನೂ ಕರಿಚುಕ್ಕೆಯಾಗಿ ಉಳಿದಿತ್ತು. ಎಲ್ಲಮ್ಮನವರು ಕೈಬಿಟ್ಟರು, ಯೇಸುವಿನವರು ಕೈಹಿಡಿಯಲಿಲ್ಲ. ಸತ್ತರೆ ಎಲ್ಲಿ ಹಾಕುತ್ತಾರೆ? ರಾಯವ್ವ ಹೋದಾಗಲೆಲ್ಲ ಮುದುಕಿ ಆಕೆಯ ಕೈ ಹಿಡಿದು ಒಂದೇ ಮಾತು ಹೇಳುತ್ತಿದ್ದಳು. “ಬದುಕಿದ್ದಾಗ ಎಲ್ಲಾರೂ ಎಳದಾಡಿದ್ರು ಯವ್ವಾ. ಸತ್ತ ಮ್ಯಾಲೆ ನಾಯಿ ಎಳದಾಡಬಾರ್ದು. ಒಂದೀಟ ಮಣ್ಣ ಕೊಡಸು.” ಕೊಡಿಸುತ್ತೇನೆ ಎಂದು ರಾಯವ್ವ ಮಾತು ಕೊಟ್ಟಿದ್ದಳು.

ಶನಿವಾರ ಸಂಜೆ ಅಯ್ಯನವರು ಯೇಸಪ್ಪನ ಜೊತೆ ಮಂದಿರಕ್ಕೆ ನಾಯಕಿಗೆ ಪಾಠ ಹೇಳಲು ಬಂದರು. ಬಾಟಲಿ ಪಕ್ಕಕ್ಕಿಟ್ಟುಕೊಂಡು ಕೂತರು.

“ನೋಡು ರಾಯವ್ವ, ನಾಳೆ ನೀನು ರಾಯವ್ವ ಅಲ್ಲ. ಸಿಸ್ಟರ್ ರಾಹೇಲಮ್ಮ.”

ದೀಕ್ಷಾಸ್ನಾನದ ದಿನ ಅವರೇ ಇಟ್ಟ ಹೆಸರು ಅದು. ಅಂದು ಬಿಟ್ಟರೆ ಇಂದೇ ಅವರ ಬಾಯಲ್ಲಿ ಬಂದದ್ದು.

“ಮೇಡಂ ಕೇಳ್ತಾರ, ಸಭೆಯೊಳಗ ನಿಮ್ಮ ಮಾತು ನಡೀತದೇನು ಅಂತ. ನೀನು ಏನಂತೀ?”

“ಏನನ್ಲಿರಿ?”

“ನಡೀತದ ಅನ್ನು. ಉದಾಹರಣೆ ಕೊಡಿ ಅಂತಾರ. ಬಾಗಿಲಿನ ಪರದೆಯ ಬಣ್ಣ ನಾವ ಆರಿಸಿದೆವು ಅನ್ನು.”

“ಪರದೆ ತಂದಾವ್ರು ಯೇಸಪ್ಪಣ್ಣರಿ.”

“ತಂದಾವ ಅವನು. ಆರಿಸಿದಾಕಿ ನೀನು. ಒಮ್ಮೆ ಅನ್ನು ನೋಡೋಣ.”

“ಆರಿಸಿದಾಕಿ ನಾನರಿ.”

“ಶಬ್ಬಾಸ್.” ಅಯ್ಯನವರು ಯೇಸಪ್ಪನ ಕಡೆ ತಿರುಗಿದರು. ಅಷ್ಟರಲ್ಲಿ ಮಂದಿರದ ಗೋಡೆಗೆ ಹೊಂದಿದ್ದ ಗುಡಿಸಲಿನಿಂದ ಬೀರವ್ವನ ಕೆಮ್ಮು ಶುರುವಾಯಿತು. ನಿಲ್ಲಲೇ ಇಲ್ಲ. ಅಯ್ಯನವರ ಮುಖ ಹುಳ್ಳಗಾಯಿತು.

“ಇದು ಮೇಡಂನವರ ಟೇಪಿನೊಳಗ ಬರ್ತದಲ್ಲೋ ಯೇಸಪ್ಪ.”

“ನಾಳೆ ಒಂದಿನ ಮುದುಕೀನ್ನ ನಮ್ಮ ಎಮ್ಮಿ ಕೊಟ್ಟಿಗಿಗೆ ಸಾಗಸೋಣ್ರಿ. ಬಾಯಾರು ಹೋದ ಮ್ಯಾಲೆ ತಂದ್ರಾತು.”

ರಾಯವ್ವ ಆಗ ತಾನಾಗಿ ಬಾಯಿ ತೆಗೆದಳು. ಸಭೆಯೇನೂ ಕೂಡಿರಲಿಲ್ಲ, ಹಾಗಾಗಿ ನಿಯಮ ಮುರಿಯಲಿಲ್ಲ.

“ನೀವು ಹೇಳಿದಾಂಗ ಕುರ್ಚಿ ಮ್ಯಾಲೆ ಕುಂದರ್ತೇನ್ರಿ. ಪರದಾ ನಂದ ಅಂತೇನಿ. ಬೀರವ್ವಾಯಿಗೆ ನಾಳೀನ ದೀಕ್ಷಾಸ್ನಾನ ಕೊಡ್ರಿ. ಆಕಿ ಇನ್ನ ಭಾಳ ದಿವಸ ಇಲ್ರಿ.”

ಅಯ್ಯನವರು ಮೇಲೆ ನೋಡಿದರು, ಬಾಟಲಿ ನೋಡಿದರು. “ಆಗಲಿ, ಮೇಡಂ ಹೋಗಲಿ. ನೋಡೋಣ” ಎಂದರು.

ಆ ‘ನೋಡೋಣ’ವನ್ನು ರಾಯವ್ವ ನಂಬಿದಳು. ನಂಬದೆ ಬೇರೆ ದಾರಿಯೂ ಇರಲಿಲ್ಲ.

ಮುದುಕಿಯನ್ನು ಬೆನ್ನ ಮೇಲೆ ಹಾಕಿಕೊಂಡಳು. ತೂಕವೇ ಇರಲಿಲ್ಲ, ಮೂಳೆ ಮಾತ್ರ ಚುಚ್ಚುತ್ತಿತ್ತು. ಹಿಂದೆ ಕೃಷ್ಣವ್ವ ಕೌದಿ ಹೊತ್ತು ಬಂದಳು. ಆಕೆ ರಾಯವ್ವನ ಜೊತೆ ಹತ್ತಿ ಬಿಡಿಸುವವಳು, ಕಮಿಟಿ ಬಾಯಿ ಬಡಕಿ ಎಂದು ಬಿಟ್ಟದ್ದು ಆಕೆಯನ್ನೇ. ಓಣಿಯ ಉದ್ದಕ್ಕೂ ಯೇಸಪ್ಪನಿಗೆ ಬಯ್ಯುತ್ತಲೇ ಬಂದಳು.

“ಎಲ್ಲಿಗೆ ಒಯ್ಯಾಕ್ಹತ್ತೀಯೇ?” ಬೀರವ್ವ ಕೇಳಿದಳು.

“ಎಮ್ಮಿ ಕೊಟ್ಟಿಗಿಗೆ ಆಯಿ. ಒಂದಿನದ ಮಟ್ಟಿಗೆ.”

“ಯಾಕ? ನಾ ಹಿಂಡಾಕ ಬರತೇನೇನು?” ಮುದುಕಿ ನಕ್ಕಳು, ನಗೆ ಕೆಮ್ಮಾಯಿತು. ಉಸಿರು ಸಿಕ್ಕ ಮೇಲೆ ಹೇಳಿದಳು. “ಇರವಲ್ದ್ಯಾಕ. ಕೊಟ್ಟಿಗ್ಯಾಗ ಹುಟ್ಟಿದಾವಗ ಕೊಟ್ಟಿಗಿ ಗುರುತು ಇರತೈತಿ.”

ಗಂಜಲದ ನಾತದಲ್ಲಿ, ಎಮ್ಮೆಯ ಹಿಂಗಾಲಿನ ಸಮೀಪ ಜೋಳದ ಕಣಕಿ ಹಾಸಿ ಮಲಗಿಸಿದರು. ರಾಯವ್ವನಿಗೆ ನಾಚಿಕೆಯಿಂದ ಮೈಯೆಲ್ಲ ಉರಿಯಿತು. ತಾನೇ ಹೊತ್ತು ತಂದೆನಲ್ಲ ಎನ್ನುವುದು ಆಕೆಯನ್ನು ರಾತ್ರಿಯೆಲ್ಲ ಕೊರೆಯಿತು.

ಭಾನುವಾರ ಮೀನಾ ಬಂದಳು. ಖಾದಿ ಕುರ್ತಾ, ಹೆಗಲಿಗೆ ಚೀಲ, ಚೀಲದಲ್ಲಿ ಟೇಪ್ ರೆಕಾರ್ಡರು. ಯರಗಟ್ಟಿಯಲ್ಲಿ ಬಸ್ಸು ಇಳಿದು ಟಂಟಂನಲ್ಲಿ ಬಂದಿದ್ದರಿಂದ ಕೂದಲು ಕೆಂಪಗಾಗಿತ್ತು. ಕಮಿಟಿ ಹೂವಿನ ಮಾಲೆ ಹಾಕಿತು. ರಾಯವ್ವನಿಗೆ ಯೇಸಪ್ಪನ ಹೆಂಡತಿಯ ಹಸಿರು ಸೀರೆ ಉಡಿಸಿ ಕಟ್ಟೆಯ ಮೇಲೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂಡಿಸಿದ್ದರು. ಭಾನುವಾರ ಹೆಂಗಸು ಕಟ್ಟೆ ಹತ್ತಿದರೆ ಶಾಸ್ತ್ರಕ್ಕೆ ಆಗುವ ಅಪಚಾರ ಅಂದು ಆಗಲಿಲ್ಲ. ಅಕ್ಕಪಕ್ಕದಲ್ಲಿ ಅಯ್ಯನವರು ಮತ್ತು ಯೇಸಪ್ಪ ಕೂತಿದ್ದರು. ಕೆಳಗೆ ಜಮಖಾನೆಯ ಮೇಲೆ ಬಲಕ್ಕೆ ಗಂಡಸರು, ಎಡಕ್ಕೆ ತಲೆ ಮುಚ್ಚಿದ ಹೆಂಗಸರು.

ಮೀನಾ ಟೇಪಿನ ಗುಂಡಿ ಒತ್ತಿ ಹಾಳೆ ನೋಡಿ ಓದಿದಳು. “ನಿಮ್ಮ ಸಭೆಯ ನಿರ್ಣಯ ಪ್ರಕ್ರಿಯೆಯಲ್ಲಿ ಸ್ತ್ರೀಯರ ಸಹಭಾಗಿತ್ವ ಯಾವ ಪ್ರಮಾಣದಲ್ಲಿದೆ? ಒಂದರಿಂದ ಐದರವರೆಗೆ ಒಂದು ಅಂಕ ಕೊಡಿ.”

ರಾಯವ್ವನಿಗೆ ‘ಒಂದರಿಂದ ಐದು’ ಎನ್ನುವುದಷ್ಟೇ ತಿಳಿಯಿತು.

“ಐದು” ಎಂದರು ಅಯ್ಯನವರು.

“ಅವರು ಹೇಳಲಿ ಅಯ್ಯನವರೇ.”

“ಸಿಸ್ಟರ್ ರಾಹೇಲಮ್ಮನವರ ಪರವಾಗಿಯೇ ಹೇಳಿದೆ. ಅವರು ಸಂಕೋಚದವರು.”

“ಸ್ತ್ರೀಯರಿಗೆ ಧಾರ್ಮಿಕ ಅಧಿಕಾರದ ಅನುಭವ ಆಗುತ್ತದೆಯೇ?”

“ಪ್ರತಿ ವಾರ ಆಗತೈತ್ರಿ” ಎಂದ ಯೇಸಪ್ಪ.

ಮೀನಾಳಿಗೆ ತಲೆ ಇತ್ತು. ಪ್ರಶ್ನೆಗಳನ್ನು ಮಾತ್ರ ಯಾರೋ ವಿಮಾನದಲ್ಲಿ ಕೂತು ಬರೆದಂತಿದ್ದವು. ಆಕೆ ಹಾಳೆಯನ್ನು ಮಡಿಚಿ ಚೀಲಕ್ಕೆ ತುರುಕಿ, ಕುರ್ಚಿ ಎಳೆದು ರಾಯವ್ವನ ಎದುರಿಗೆ ಕೂತಳು.

“ಅಮ್ಮ, ನನಗೆ ಒಂದೇ ಒಂದು ಹೇಳಿ. ನೀವು ಮಾತಾಡಿದ್ದರಿಂದ ಈ ಸಭೆಯಲ್ಲಿ ನಡೆದ ಕೆಲಸ ಯಾವುದು?”

ಈ ಪ್ರಶ್ನೆ ತಿಳಿಯಿತು. ಉತ್ತರವೂ ಬಾಯಿಪಾಠವಾಗಿತ್ತು. ರಾಯವ್ವ “ಪರದಾ...” ಎಂದು ಶುರು ಮಾಡಿದಳು. ಅದೇ ಪರದೆ ಸರಿಸಿ ಕೃಷ್ಣವ್ವ ಒಳಗೆ ಬಂದಳು. ತಲೆಯ ಮೇಲೆ ಸೆರಗಿರಲಿಲ್ಲ. ಕೂತವರ ನಡುವೆ ಹಾದು ಕಟ್ಟೆಯ ಬುಡಕ್ಕೇ ಬಂದು ನಿಂತಳು.

“ರಾಯವ್ವಾ, ಆಯಿ ಉಸಿರು ಮ್ಯಾಲಾಗೈತಿ. ನೀರು ಕೊಡ್ರಿ, ದೀಕ್ಷಾ ನೀರು ಕೊಡ್ರಿ ಅಂತ ಒಂದ ಸಮನ ಅನ್ನಾಕ್ಹತ್ತಾಳ.”

ಯೇಸಪ್ಪ ಎದ್ದು ಎರಡೂ ಕೈ ಬೀಸಿದ. “ಹೊರಗ ನಡಿ. ಬಾಯಾರ ಊಟ ಆಗುತನ ಯಾರೂ ಅಳಬ್ಯಾಡ್ರಿ. ಊಟ ಆದ ಮ್ಯಾಲೆ ಎಲ್ಲಾರೂ ಕೂಡಿ ಅಳೂಣಂತ.”

ರಾಯವ್ವ ಅಯ್ಯನವರ ಕಡೆ ಬಾಗಿದಳು. “ಮಾತು ಕೊಟ್ಟೀರಿ. ಈಗ ಏಳ್ರಿ.”

ಅಯ್ಯನವರು ಮೀನಾಳನ್ನು ನೋಡಿ ಮುಗುಳ್ನಗುತ್ತಲೇ, ತುಟಿಯ ಅಂಚಿನಿಂದ ಪಿಸುಗುಟ್ಟಿದರು. “ನಿಯಮ ಬಿಟ್ಟು ಹೆಂಗ ಕೊಡಲಿ? ಗಂಡಸಿನ ಒಪ್ಪಿಗೆ ಎಲ್ಲಿ? ನೀ ಸುಮ್ಮ ಕುಂದ್ರು.”

“ನಿನ್ನಿ ನೋಡೋಣು ಅಂದ್ರಿ.”

“ನೋಡಿದೆ. ಆಗೂದಿಲ್ಲ.”

ರಾಯವ್ವನ ಕೈ ಕುರ್ಚಿಯ ಹಿಡಿಕೆಯ ಮೇಲಿತ್ತು. ನಿನ್ನೆ ಇದೇ ಬೆನ್ನ ಮೇಲೆ ಮುದುಕಿಯನ್ನು ಹೇರಿಕೊಂಡು ಕೊಟ್ಟಿಗೆಗೆ ಎಸೆದು ಬಂದದ್ದು ಈ ಕುರ್ಚಿಗಾಗಿ. ಸಿಟ್ಟು ಎದ್ದಿತು. ಅದು ಇಂದಿನ ಸಿಟ್ಟಲ್ಲ, ಕಲ್ಲು ಹೊತ್ತ ದಿನದಿಂದ ಕೂಡಿದ ಸಿಟ್ಟು. ಆಕೆ ಎದ್ದು ನಿಂತಳು. ಕುರ್ಚಿ ಹಿಂದಕ್ಕೆ ಬಿತ್ತು.

“ಬಾಯಾರ,” ಎಂದಳು, ದನಿ ಎತ್ತಿಯೇ. “ನೀವು ಕೇಳಿದ್ರೆಲ್ಲಾ, ನನ್ನ ಮಾತಿನಿಂದ ನಡದದ್ದು ಏನಂತ. ಇಲ್ಲೀತನ ಏನೂ ನಡದಿಲ್ಲ. ಪರದಾ ನಾ ಆರಿಸಿಲ್ಲ. ಈ ಸೀರಿ ನಂದಲ್ಲ. ಈಗ ಒಂದು ನಡಸ್ತೇನಿ. ನೋಡೂದಿದ್ರ ಬರ್ರಿ.”

ಕಟ್ಟೆ ಇಳಿದಳು. ಎಡಗಡೆಯ ಹೆಂಗಸರು ಒಬ್ಬೊಬ್ಬರಾಗಿ ಎದ್ದರು. ಬಲಗಡೆಯವರು ತಮ್ಮ ತಮ್ಮ ಹೆಂಡಂದಿರ ಹೆಸರು ಹಿಡಿದು ಕೂಗಿದರು. ಯಾರೂ ತಿರುಗಲಿಲ್ಲ. ಮೀನಾ ಟೇಪು ಎತ್ತಿಕೊಂಡು ಹಿಂದೆ ಓಡಿದಳು. ಟೇಪು ಓಡಿದ್ದರಿಂದ ಅಯ್ಯನವರೂ ಓಡಲೇಬೇಕಾಯಿತು.

ಕೊಟ್ಟಿಗೆಯಲ್ಲಿ ಬೀರವ್ವ ಕಣ್ಣು ತೆರೆದೇ ಮಲಗಿದ್ದಳು. ಎದೆ ಎದ್ದು ಎದ್ದು ಬೀಳುತ್ತಿತ್ತು. ರಾಯವ್ವ ಎಮ್ಮೆಗೆ ಇಟ್ಟ ಬಾನಿಯಿಂದ ತಂಬಿಗೆಯಲ್ಲಿ ನೀರು ತುಂಬಿಕೊಂಡು ಆಕೆಯ ತಲೆಯನ್ನು ತನ್ನ ತೊಡೆಯ ಮೇಲೆ ತೆಗೆದುಕೊಂಡಳು.

“ನಿಲ್ಲು!” ಅಯ್ಯನವರು ಬಾಗಿಲಲ್ಲೇ ನಿಂತರು. ಒಳಗೆ ಸೆಗಣಿ ಇತ್ತು. “ಒಪ್ಪಿಗೆ ಯಾರದು?”

ರಾಯವ್ವ ಮುದುಕಿಯ ಕಿವಿಗೆ ಬಾಗಿದಳು. “ಆಯಿ, ಅಯ್ಯನವರು ಒಪ್ಪಿಗಿ ಕೇಳಾಕ್ಹತ್ಯಾರ.”

ಬೀರವ್ವ ಕೌದಿಯೊಳಗಿಂದ ಕೈ ಹೊರಗೆ ತೆಗೆದಳು. ಹೊರತೆಗೆಯಲು ಬಹಳ ಹೊತ್ತು ಹಿಡಿಯಿತು. ಒಣಗಿದ ಹೆಬ್ಬೆರಳು ಎತ್ತಿ ಬಾಗಿಲ ಕಡೆ ತೋರಿಸಿದಳು.

“ನಂದ... ಐತಿ. ಮಸಿ ತರ್ರಿ.”

“ಅದು ನಡೆಯೂದಿಲ್ಲ! ರಾಯವ್ವ, ನಿನಗ ಈ ಅಧಿಕಾರ ಕೊಟ್ಟಾವ್ರು ಯಾರು?”

“ನೀವ ಕೊಟ್ರೆಲ್ಲಾ, ನಿನ್ನಿ. ಕಮಿಟಿಯೊಳಗ ಪಾಸ್ ಆಗೈತಿ.”

ಅಯ್ಯನವರು ಬಾಯಿ ತೆರೆದರು. ಮೀನಾಳ ಟೇಪು ಅವರ ಗದ್ದದ ಕೆಳಗೇ ತಿರುಗುತ್ತಿತ್ತು. ಬಾಯಿ ಮುಚ್ಚಿದರು. ರಾಯವ್ವ ತಂದೆಯ, ಮಗನ, ಪವಿತ್ರಾತ್ಮನ ಹೆಸರೆತ್ತಿ ಕೂದಲುದುರಿದ ತಲೆಯ ಮೇಲೆ ನೀರು ಹೊಯ್ದಳು. ನೀರು ಹಣೆಯಿಂದ ಇಳಿದು ಕಣ್ಣಿನ ಗುಳಿಯಲ್ಲಿ ನಿಂತಿತು. ಸೆರಗಿನಿಂದ ಒರೆಸಿದಳು. ಹೆಂಗಸರು ಬಿಕ್ಕಿದರು, ಕೃಷ್ಣವ್ವ ಮಾತ್ರ ಯೇಸಪ್ಪನ ಕಡೆ ನೋಡಿ, “ಊಟ ಆಗಿಲ್ಲ, ಅಳಬಹುದೇನ್ರಿ?” ಎಂದು ಕೇಳಿದಳು.

ಸಂಜೆ ದನ ತಿರುಗಿ ಬರುವ ಹೊತ್ತಿಗೆ ಬೀರವ್ವ ತೀರಿದಳು.

ಸೋಮವಾರ ಬೆಳಗ್ಗೆ ಸಭೆಯ ಗಂಡಸರೆಲ್ಲ ಹೊಲಕ್ಕೆ ಹೋಗಿದ್ದರು. ಇಷ್ಟು ನಸುಕಿನಲ್ಲಿ, ಇಷ್ಟು ಉತ್ಸಾಹದಿಂದ ಅವರು ಕೂಲಿಗೆ ಹೋದದ್ದನ್ನು ಓಣಿ ಹಿಂದೆಂದೂ ಕಂಡಿರಲಿಲ್ಲ. ಹಳ್ಳದ ದಂಡೆಯಲ್ಲಿ ಸ್ಮಶಾನದ ಬಾಯಿಗೆ ಯೇಸಪ್ಪ ಹಸಿ ಜಾಲಿಮುಳ್ಳು ತಂದು ಬಡಿಸಿದ್ದ. ಆ ನೀರು ಎಮ್ಮೆಯ ನೀರು, ಆ ಸ್ನಾನ ಸ್ನಾನವಲ್ಲ ಎಂದು ಕಮಿಟಿ ರಾತ್ರಿಯೇ ಪಾಸು ಮಾಡಿತ್ತು.

ಹೆಂಗಸರು ಹೆಣವನ್ನು ಕೌದಿಯಲ್ಲಿ ಸುತ್ತಿ, ಬಿದಿರಿಗೆ ಕಟ್ಟಿ ತಾವೇ ಹೊತ್ತು ಬಂದರು. ಇಳಿಸಿ ಕೈಯಿಂದಲೇ ಮುಳ್ಳು ಎಳೆದರು. ಜಾಲಿ ಸುಮ್ಮನೆ ಬರುವುದಿಲ್ಲ, ಚರ್ಮ ಕೇಳುತ್ತದೆ. ಎಳೆದು ಬದಿಗೆ ಒಗೆದು ಒಳಗೆ ಹೋದರು. ಗುದ್ದಲಿ ಹಾಕಿದರು. ಮೇಲೆ ಎರೆಮಣ್ಣು ಸಲೀಸಾಗಿ ಬಂತು, ಕೆಳಗೆ ಗರಸು ಹತ್ತಿತು. ಕಬ್ಬಿಣ ಬಡಿದರೆ ಕಿಡಿ ಏಳುವಂಥ ಗರಸು. ರಾಯವ್ವ ಕಚ್ಚೆ ಹಾಕಿ ಕುಣಿಗೆ ಇಳಿದಳು. ಅಗೆದಳು, ಬಗೆದಳು. ಹೆಗಲು ಕಳಚಿ ಬಿದ್ದೀತು ಎನ್ನಿಸಿತು. ಒಬ್ಬಳು ದಣಿದಾಗ ಇನ್ನೊಬ್ಬಳು ಇಳಿದಳು.

ಮೀನಾ ಹಿಂದಿನ ದಿನವೇ ರಾಮದುರ್ಗಕ್ಕೆ ಹೋಗಬೇಕಿತ್ತು, ಹೋಗಿರಲಿಲ್ಲ. ಕುಣಿಯ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತು ಟೇಪು ಚಾಚಿದಳು. “ಅಮ್ಮ, ಇಷ್ಟು ಧೈರ್ಯ ನಿಮಗೆ ಎಲ್ಲಿಂದ ಬಂತು?”

ರಾಯವ್ವ ಬೆವರು ಒರೆಸಿಕೊಂಡು ಮೇಲೆ ನೋಡಿದಳು. “ಬಾಯಾರ, ನಮಗ ಆಳು ಕಡಿಮಿ ಅದಾವು. ಅದನ್ನ ಬಂದ್ ಮಾಡಿ ಬುಟ್ಟಿ ಹಿಡೀರಿ.”

ಮೀನಾ ಟೇಪನ್ನು ಕಲ್ಲಿನ ಮೇಲಿಟ್ಟು ಬುಟ್ಟಿ ಹಿಡಿದಳು. ಹೊರುವುದು ಬರುತ್ತಿರಲಿಲ್ಲ, ಅರ್ಧ ಮಣ್ಣು ತನ್ನ ಮೈಮೇಲೇ ಸುರಿದುಕೊಂಡಳು. ಯಾರೂ ನಗಲಿಲ್ಲ.

ಬೀರವ್ವನನ್ನು ಇಳಿಸಿದರು. ರಾಯವ್ವ ಪ್ರಾರ್ಥನೆ ಮಾಡಿದಳು. ದೊಡ್ಡ ಪ್ರಾರ್ಥನೆಯೇನಲ್ಲ. “ತಂದೀ, ಈಕಿ ಜಾಲಿ ಕಡದ ಜಾಗಾ ಇದು. ಈಕೀನ್ನ ಇಲ್ಲಿಂದ ಯಾರೂ ಎಬ್ಬಿಸಬಾರ್ದು. ಆಮೆನ್.” ಹೆಂಗಸರು ಆಮೆನ್ ಎಂದರು.

ಮಣ್ಣು ಎಳೆಯಲು ಸಲಿಕೆ ಎತ್ತುವಷ್ಟರಲ್ಲಿ ಹಳ್ಳದ ಇಳಿಜಾರಿನಲ್ಲಿ ಬಿಳಿ ನಿಲುವಂಗಿ ಕಾಣಿಸಿತು. ಕರುಣಾಕರ ಅಯ್ಯನವರು ಮುಳ್ಳಿಗೆ ಸಿಗದಂತೆ ಅಂಗಿ ಎತ್ತಿ ಹಿಡಿದುಕೊಂಡು ಬರುತ್ತಿದ್ದರು. ಮೇಡಂ ಇನ್ನೂ ಹೋಗಿಲ್ಲ ಎಂಬ ಸುದ್ದಿ ಮೇಲಿನ ಆಫೀಸಿಗೆ ಹೇಗೋ ಮುಟ್ಟಿ, ಅಲ್ಲಿಂದ ಬೆಳಗ್ಗೆಯೇ ಫೋನು ಬಂದಿತ್ತು.

ಅವರು ನೇರ ಮೀನಾಳ ಹತ್ತಿರ ಬಂದು, ಕಲ್ಲಿನ ಮೇಲಿನ ಟೇಪಿಗೆ ಕೇಳುವಂತೆ ಹೇಳಿದರು. “ನೋಡಿದಿರಲ್ಲ ಮೇಡಂ, ನಮ್ಮ ಸಭೆಯಲ್ಲಿ ಸ್ತ್ರೀಯರಿಗೆ ಎಷ್ಟು ಸ್ವಾತಂತ್ರ್ಯ ಕೊಟ್ಟಿದ್ದೇವೆ. ಸಿಸ್ಟರ್ ರಾಹೇಲಮ್ಮನವರನ್ನು ತಯಾರು ಮಾಡಿದ್ದೇ ನಾವು. ಇರಲಿ. ಈಗ ಅಂತಿಮ ವಿಧಿ ನಾನು ನಡೆಸಿಕೊಡುತ್ತೇನೆ.”

“ಅದು ಬಂದ್ ಆಗಿದೆ, ಅಯ್ಯನವರೇ” ಎಂದಳು ಮೀನಾ.

“ಪ್ರಾರ್ಥನಿ ಮುಗದೈತ್ರಿ” ಎಂದಳು ರಾಯವ್ವ.

“ನಾನಿಲ್ಲದೆ ಹೆಂಗ ಮುಗೀತದ?” ಅಯ್ಯನವರು ಗಂಟಲು ಸರಿಪಡಿಸಿಕೊಂಡು, ಎರಡು ಬೆರಳಲ್ಲಿ ಚಿಟಿಕೆ ಮಣ್ಣು ಎತ್ತಿ, ಕಣ್ಣು ಮುಚ್ಚಿ, ಕುಣಿಯ ಮೇಲೆ ಕೈ ಚಾಚಿದರು.

“ಚಿಟಗಿಲೆ ಮುಚ್ಚೂದಿಲ್ರಿ ಅದು” ಎಂದಳು ರಾಯವ್ವ. “ಗರಸು ಐತಿ, ಭಾಳ ಐತಿ. ನಿಮಗ ಆಕೀಗೆ ಮಣ್ಣ ಕೊಡೂದ ಇತ್ತಂದ್ರ ಅಂಗಿ ಬಿಚ್ಚಿ ಸಲಿಕಿ ಹಿಡೀರಿ. ಕೊಡಾಕ ಆಗಲಿಲ್ಲಂದ್ರ ಅತ್ಲಾಗ ಸರೀರಿ, ಕೆಲಸ ಐತಿ.”

ಆಕೆ ಸಲಿಕೆಯ ಹಿಡಿಕೆಯನ್ನು ಅವರ ಕಡೆ ಚಾಚಿದಳು. ಹಿಡಿಕೆಗೆ ಆಕೆಯ ಅಂಗೈಯ ರಕ್ತ ಹತ್ತಿತ್ತು. ಅಯ್ಯನವರು ಹಿಡಿಕೆ ನೋಡಿದರು. ಹೆಂಗಸರ ಮುಖ ನೋಡಿದರು. ಯಾರ ತಲೆಯ ಮೇಲೂ ಸೆರಗಿರಲಿಲ್ಲ, ಎಲ್ಲರೂ ಅದನ್ನು ಸೊಂಟಕ್ಕೆ ಬಿಗಿದಿದ್ದರು. ಅವರು ಕೈ ಮುಂದೆ ಮಾಡಲಿಲ್ಲ.

ರಾಯವ್ವ ಇನ್ನೊಂದು ಗಳಿಗೆ ಕಾದಳು. ಆಮೇಲೆ ಸಲಿಕೆ ತಿರುಗಿಸಿ ಮಣ್ಣು ಎಳೆದಳು. ಕೃಷ್ಣವ್ವ ಎಳೆದಳು. ಎಲ್ಲರೂ ಎಳೆದರು. ಗರಸಿನ ಹರಳು ಸಿಡಿದು ಅಯ್ಯನವರ ಬೂಟಿನ ಮೇಲೆ ಬಿದ್ದವು. ಅವರು ಒಂದು ಹೆಜ್ಜೆ ಹಿಂದೆ ಸರಿದರು. ಹೆಂಗಸರು ಆ ಹೆಜ್ಜೆಯ ಮಣ್ಣನ್ನೂ ಎಳೆದು ಹಾಕಿದರು. ಅವರು ಇನ್ನೊಂದು ಹೆಜ್ಜೆ ಸರಿದರು. ಹೀಗೇ ಸರಿದು ಸರಿದು, ಬೀರವ್ವನ ಕುಣಿ ತುಂಬಿ ದಿಬ್ಬವಾಗುವಷ್ಟರಲ್ಲಿ ಅಯ್ಯನವರು ಸ್ಮಶಾನದ ಹೊರಗೆ ಇದ್ದರು.